25 ವರ್ಷ ಈಟಿ ಹಿಡಿದು ರೋಮನ್ ಪ್ರಜೆಯಾಗುವುದು ಹೇಗೆ?

ಕ್ರಿ.ಶ. 103ನೇ ಇಸವಿ ಎಂದಿಟ್ಟುಕೊಳ್ಳಿ. ನೀವು ಈಜಿಪ್ಟಿನ ಯಾವುದೋ ಹಳ್ಳಿಯ ಹುಡುಗ. ಇಲ್ಲವೇ ಈಗಿನ ಬಲ್ಗೇರಿಯಾ ಕಡೆಯ ಥ್ರೇಸಿನವರು. ನಿಮ್ಮ ಊರು ರೋಮ್ ಸಾಮ್ರಾಜ್ಯಕ್ಕೆ ಸೇರಿದೆ, ತೆರಿಗೆಯೂ ರೋಮಿಗೇ ಹೋಗುತ್ತದೆ. ಆದರೂ ನೀವು ರೋಮನ್ ಪ್ರಜೆಯಲ್ಲ. ಊರಿನ ಹೆಚ್ಚಿನವರ ಪಾಡೂ ಅದೇ.

ಪ್ರಜೆಯಾಗಿ ಏನು ಸಿಗುತ್ತದೆ ಅಂತೀರಾ? ಬೈಬಲಿನಲ್ಲಿ ಪೌಲನ ಪ್ರಸಂಗ ಬರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಜೆರುಸಲೇಮಿನಲ್ಲಿ ಅವನನ್ನು ಕಟ್ಟಿಹಾಕಿ ಕೊರಡೆಯಿಂದ ಹೊಡೆಯಲು ಹೊರಟಿದ್ದರು. ತಾನು ರೋಮನ್ ಪ್ರಜೆ ಎಂದು ಪೌಲ ಹೇಳಿದ್ದೇ ತಡ, ಎಲ್ಲರೂ ಹಿಂದೆ ಸರಿದರು. ಅಲ್ಲಿದ್ದ ಸಹಸ್ರಾಧಿಪತಿ ಈ ಹಕ್ಕನ್ನು ಬಹಳ ದುಡ್ಡು ಕೊಟ್ಟು ಪಡೆದವನು. ಪೌಲನಿಗೆ ಹುಟ್ಟಿನಿಂದಲೇ ಬಂದಿತ್ತು. ದುಡ್ಡೂ ಇಲ್ಲ, ಅಂಥ ಹುಟ್ಟೂ ಇಲ್ಲ ಎನ್ನುವ ಗಂಡಸರಿಗೆ ಸೇನೆಯ ದಾರಿ ಇದೆ. ದಾರಿ ಉದ್ದ, ಆದರೆ ಕಾನೂನಿನಲ್ಲಿ ಗಟ್ಟಿ.

ಸರಿಯಾದ ದಳ ಆರಿಸಿಕೊಳ್ಳಿ

ನೇರವಾಗಿ ಲೀಜನ್ನಿನ ಬಾಗಿಲು ತಟ್ಟಬೇಡಿ. ರೋಮಿನ ಆ ಮುಖ್ಯ ಸೇನಾದಳ ಆಗಲೇ ಪ್ರಜೆಗಳಾದವರಿಗೆ. ನಿಮ್ಮಂಥವರಿಗೆ ಇರುವುದು ‘ಆಕ್ಸಿಲಿಯಾ’, ಅಂದರೆ ಸಹಾಯಕ ಪಡೆ. ಕಾಲಾಳಾದರೆ ‘ಕೊಹಾರ್ಟ್’, ಕುದುರೆ ಸವಾರಿ ಬಲ್ಲವರಾದರೆ ‘ಆಲಾ’. ಒಂದೊಂದರಲ್ಲಿ ಸುಮಾರು 500 ಜನ, ಕೆಲವು ದೊಡ್ಡ ದಳಗಳಲ್ಲಿ ಇನ್ನೂ ಜಾಸ್ತಿ. ಇಲ್ಲಿ 25 ವರ್ಷ ಸೇವೆ. ಈಜಿಪ್ಟಿನವರಾದರೆ ನೌಕಾಪಡೆಗೂ ಹೋಗಬಹುದು, ಅಲ್ಲಿ 26 ವರ್ಷ. ಒಂದು ವರ್ಷವೇ ತಾನೇ ಎಂದು ಸುಮ್ನೆ ತಳ್ಳಿಹಾಕಬೇಡಿ. ನೌಕಾಪಡೆಯ ಸೇವೆ ಮುಂದೆ 28 ವರ್ಷಕ್ಕೆ ಏರಿತು.

ಗುಲಾಮರಾಗಿದ್ದರೆ ಈ ಕಡೆ ತಲೆ ಹಾಕಲೇಬೇಡಿ. ಈಗಿನ ಟರ್ಕಿಯಲ್ಲಿದ್ದ ಬಿಥಿನಿಯಾ ಪ್ರಾಂತ್ಯದ ಆಡಳಿತ ನೋಡಿಕೊಳ್ಳುತ್ತಿದ್ದ ಪ್ಲಿನಿಗೆ ಹೊಸದಾಗಿ ಸೇರಿದವರ ನಡುವೆ ಇಬ್ಬರು ಗುಲಾಮರು ಸಿಕ್ಕಿಬಿದ್ದರು. ಏನು ಮಾಡಲಿ ಎಂದು ಅವನು ಚಕ್ರವರ್ತಿ ಟ್ರಾಜನ್‌ಗೆ ಬರೆದ. ಉತ್ತರ ಹೀಗಿತ್ತು: ಬಲವಂತವಾಗಿ ಸೇರಿಸಿದ್ದರೆ ತಪ್ಪು ನೇಮಕ ಮಾಡಿದ ಅಧಿಕಾರಿಯದು. ಬೇರೆ ಯಾರೋ ತಮ್ಮ ಬದಲಿಗೆ ಕಳಿಸಿದ್ದರೆ ತಪ್ಪು ಆ ಕಳಿಸಿದವರದು. ತಾವಾಗಿಯೇ, ತಾವು ಯಾರೆಂದು ಗೊತ್ತಿದ್ದೂ ಬಂದಿದ್ದರೆ ಮರಣದಂಡನೆ.

ಹೆಸರು ಬರೆಸಿ

ನೇಮಕದ ಕಡತ ಹೇಗಿರುತ್ತಿತ್ತು ಎನ್ನುವುದಕ್ಕೆ ಒಳ್ಳೆಯ ಸಾಕ್ಷಿ ಉಳಿದಿದೆ. ಈಜಿಪ್ಟಿನ ರಾಜ್ಯಪಾಲ ಮಿನಿಸಿಯಸ್ ಇಟಾಲಸ್ ಇದೇ 103ರ ಫೆಬ್ರವರಿಯಲ್ಲಿ ಒಂದು ಕೊಹಾರ್ಟಿನ ಮುಖ್ಯಸ್ಥನಿಗೆ ಪಪೈರಸ್ ಮೇಲೆ ಪತ್ರ ಕಳಿಸಿದ್ದ. ಆರು ಹುಡುಗರನ್ನು ಪರೀಕ್ಷಿಸಿ ಒಪ್ಪಿದ್ದೇನೆ, ಪಟ್ಟಿಗೆ ಸೇರಿಸಿಕೊಳ್ಳಿ ಎಂದು. ಆರೂ ಜನ 20ರಿಂದ 25 ವರ್ಷದವರು. ಒಬ್ಬನಿಗೆ ಎಡ ಹುಬ್ಬಿನ ಮೇಲೆ ಗುರುತು, ಇನ್ನೊಬ್ಬನಿಗೆ ಎಡಗೈ ಮೇಲೆ, ಮತ್ತೊಬ್ಬನಿಗೆ ಹಣೆಯ ಬಲಭಾಗದಲ್ಲಿ. ಉಳಿದ ಮೂವರ ಹೆಸರಿನ ಮುಂದೆ ‘ಗುರುತಿಲ್ಲ’. ನಮ್ಮ ಸರ್ಕಾರಿ ಅರ್ಜಿಗಳಲ್ಲಿ ಮಚ್ಚೆ ಎಲ್ಲಿದೆ ಅಂತ ಕೇಳುವ ಕಾಲಂ ಇರುತ್ತದಲ್ಲ, ಥೇಟ್ ಅದೇ.

ಸೇರಿದ ಕೂಡಲೇ ಪ್ರಯಾಣದ ಖರ್ಚಿಗೆ ಹಣ ಸಿಗುತ್ತದೆ. 2ನೇ ಶತಮಾನದ ಅಪಿಯಾನ್ ಎಂಬ ಈಜಿಪ್ಟಿನ ಹುಡುಗ ಇಟಲಿಯ ಮಿಸೇನಮ್ ನೌಕಾನೆಲೆಯಿಂದ ಅಪ್ಪನಿಗೆ ಬರೆದ ಪತ್ರ ಉಳಿದುಬಂದಿದೆ. ಸಮುದ್ರದಲ್ಲಿ ಅಪಾಯಕ್ಕೆ ಸಿಕ್ಕಾಗ ಸೆರಾಪಿಸ್ ದೇವರು ಕಾಪಾಡಿದ, ಚಕ್ರವರ್ತಿಯ ಲೆಕ್ಕದಲ್ಲಿ ಮೂರು ಚಿನ್ನದ ನಾಣ್ಯ ಸಿಕ್ಕಿತು, ನನ್ನ ಚಿತ್ರ ಬರೆಸಿ ಕಳಿಸಿದ್ದೇನೆ ಎಂದೆಲ್ಲ ಬರೆದಿದ್ದಾನೆ. ಕೊನೆಗೆ ಇನ್ನೊಂದು ಸುದ್ದಿ: ಈಗ ನನ್ನ ಹೆಸರು ಆಂಟೋನಿಯಸ್ ಮ್ಯಾಕ್ಸಿಮಸ್.

ಇಲ್ಲಿ ಸ್ವಲ್ಪ ಹುಷಾರು. ರೋಮನ್ ಹೆಸರು ಬಂದ ಮಾತ್ರಕ್ಕೆ ಪ್ರಜೆ ಆಗಿಬಿಡುವುದಿಲ್ಲ. ಹಿಂದೆ ಕ್ಲಾಡಿಯಸ್ ಚಕ್ರವರ್ತಿ, ಪ್ರಜೆಗಳೆಂದು ಸುಳ್ಳು ಹೇಳಿಕೊಂಡವರ ತಲೆಯನ್ನು ಕೊಡಲಿಯಿಂದ ತೆಗೆಸಿದ್ದ. ಊರಿಗೆ ರಜೆಯಲ್ಲಿ ಹೋದಾಗ ಜಂಬ ಕಡಿಮೆ ಇರಲಿ.

25 ವರ್ಷ ಬದುಕಿರಿ

ನಿಜವಾಗಿ ಕಷ್ಟದ ಹಂತ ಇದೊಂದೇ. ಶತ್ರುವಿನ ಕತ್ತಿ ಒಂದೇ ಕಂಟಕವಲ್ಲ. ಬ್ರಿಟನ್ನಿನ ಉತ್ತರದ ವಿಂಡೊಲಾಂಡಾ ಕೋಟೆಯಲ್ಲಿ ತೆಳು ಮರದ ಹಾಳೆಯ ಮೇಲೆ ಬರೆದ ಒಂದು ಹಾಜರಿ ಲೆಕ್ಕ ಸಿಕ್ಕಿದೆ. ಟುಂಗ್ರಿಯನ್ನರ (ಈಗಿನ ಬೆಲ್ಜಿಯಂ ಕಡೆಯ ಜನ) ಕೊಹಾರ್ಟಿನಲ್ಲಿ ಒಟ್ಟು 752 ಜನ. ಅದರಲ್ಲಿ 456 ಜನ ಬೇರೆ ಬೇರೆ ಕಡೆ ಕೆಲಸದ ಮೇಲೆ ಹೋಗಿದ್ದಾರೆ. ಕೋಟೆಯಲ್ಲಿ ಉಳಿದವರಲ್ಲಿ 31 ಜನ ಕೆಲಸಕ್ಕೆ ಬಾರದ ಸ್ಥಿತಿ: 15 ಮಂದಿಗೆ ಕಾಯಿಲೆ, 6 ಮಂದಿಗೆ ಗಾಯ, 10 ಮಂದಿಗೆ ಕಣ್ಣುಬೇನೆ. ಗಾಯಗೊಂಡವರಿಗಿಂತ ಕಣ್ಣು ಬಂದವರೇ ಜಾಸ್ತಿ!

ಹೊರದಬ್ಬಿಸಿಕೊಳ್ಳುವಂಥ ತಪ್ಪನ್ನಂತೂ ಮಾಡಬೇಡಿ. ಬೇಕಾದದ್ದು ಗೌರವದ ಬಿಡುಗಡೆ.

ಒಳದಾರಿ ಇಲ್ಲವೇ? ಇದೆ, ಆದರೆ ಅದು ಅದೃಷ್ಟ ಇದ್ದವರಿಗೆ. ಕ್ರಿ.ಪೂ. 89ರಲ್ಲೇ ಪಾಂಪೆಯಸ್ ಸ್ಟ್ರಾಬೋ ಎಂಬ ಸೇನಾನಿ ಶೌರ್ಯಕ್ಕಾಗಿ ಸ್ಪೇನಿನ 30 ಕುದುರೆ ಸವಾರರಿಗೆ ಪ್ರಜಾಹಕ್ಕು ಕೊಟ್ಟಿದ್ದ. ಈಗಿನ ರೊಮೇನಿಯಾ ಕಡೆಯ ಡೇಸಿಯಾದಲ್ಲಿ ಟ್ರಾಜನ್ ನಡೆಸಿದ ಯುದ್ಧದಲ್ಲಿ ಚೆನ್ನಾಗಿ ಕಾದಾಡಿದ ಬ್ರಿಟನ್ನರ ಒಂದು ಕೊಹಾರ್ಟಿಗೂ 106ರಲ್ಲಿ ಅವಧಿ ಮುಗಿಯುವ ಮೊದಲೇ ಅದು ಸಿಕ್ಕಿತು. ಈಗಿನ ಲೆಸ್ಟರ್ ಊರಿನ ನೊವಾಂಟಿಕೊ ಆ ದಳದವನು. ಅವನ ಪ್ರಮಾಣಪತ್ರ ಸಿಕ್ಕಿದ್ದು ರೊಮೇನಿಯಾದಲ್ಲಿ.

ಕಂಚಿನ ಪತ್ರ ಪಡೆಯಿರಿ

ಅವಧಿ ಮುಗಿಯಿತು ಅಲ್ವಾ? ಈಗ ‘ಡಿಪ್ಲೊಮಾ’. ಇದನ್ನು ಒಂದು ಕ್ರಮಕ್ಕೆ ತಂದವನು ಅದೇ ಕ್ಲಾಡಿಯಸ್. ಸಿಕ್ಕಿರುವುದರಲ್ಲಿ ಅತಿ ಹಳೆಯದು 52ನೇ ಇಸವಿ ಡಿಸೆಂಬರಿನದು. ಮಿಸೇನಮ್ ನೌಕಾಪಡೆಯ ಥ್ರೇಸ್ ಮೂಲದವನಿಗೆ ಸೇರಿದ್ದು. ಅವನ ಹೆಸರು ಸ್ಪಾರ್ಟಿಕಸ್, ಅಂದರೆ ಸ್ಪಾರ್ಟಕಸ್ ಎಂಬುದರ ಇನ್ನೊಂದು ರೂಪ! ರೋಮ್ ವಿರುದ್ಧ ದಂಗೆ ಎದ್ದ ಸ್ಪಾರ್ಟಕಸ್ ಸತ್ತು ನೂರು ವರ್ಷ ದಾಟಿತ್ತು, ಇವನು ಬೇರೆ.

ಡಿಪ್ಲೊಮಾ ಅಂದರೆ ಎರಡು ಸಣ್ಣ ಕಂಚಿನ ತಗಡುಗಳು. ಅವನ್ನು ಒಂದರ ಮೇಲೊಂದು ಇಟ್ಟು, ತೂತಿನಲ್ಲಿ ತಂತಿ ಪೋಣಿಸಿ, ಏಳು ಸಾಕ್ಷಿಗಳ ಮೊಹರು ಒತ್ತುತ್ತಿದ್ದರು. ಒಳಗೂ ಹೊರಗೂ ಒಂದೇ ಒಕ್ಕಣೆ. ಹೊರಗಿನದು ದಿನಬಳಕೆಗೆ. ಯಾರಾದರೂ ತಿದ್ದಿದ್ದೀರಿ ಎಂದು ತಕರಾರು ತೆಗೆದರೆ ಮೊಹರು ಒಡೆದು ಒಳಗಿನದನ್ನು ಓದಬಹುದು. ಮೂಲ ಆದೇಶ ರೋಮಿನಲ್ಲೇ ಕಂಚಿನ ಫಲಕದಲ್ಲಿ ಇರುತ್ತಿತ್ತು. ಮೊದಲು ಕ್ಯಾಪಿಟಲ್ ಬೆಟ್ಟದಲ್ಲಿ, ಆಮೇಲೆ ಅಗಸ್ಟಸ್ ದೇಗುಲದ ಹಿಂದಿನ ಗೋಡೆಯ ಮೇಲೆ. ನಿಮ್ಮ ಕೈಯಲ್ಲಿರುವುದು ಅದರ ನಕಲು ಎಂದು ಆ ಏಳು ಜನ ಒಪ್ಪಿದರೆ ಸಾಕು. ಅವರು ನಿಮ್ಮ ಮುಖ ನೋಡಿರಬೇಕಿಲ್ಲ. ನಕಲಿ ತಡೆಯಲು ಇಷ್ಟು ಚೊಕ್ಕವಾದ ಉಪಾಯ ಆ ಕಾಲದಲ್ಲಿ ಇನ್ನೊಂದಿತ್ತೋ ಇಲ್ಲವೋ.

ಚಕ್ರವರ್ತಿಯ ಹೆಸರು, ದಳ, ದಳಪತಿ, ನಿಮ್ಮ ಹೆಸರು, ಅಪ್ಪನ ಹೆಸರು, ಊರು ಎಲ್ಲ ಸರಿಯಾಗಿದೆಯೇ ನೋಡಿಕೊಳ್ಳಿ.

ಹೆಂಡತಿ, ಮಕ್ಕಳ ವಿಷಯ

ಇದನ್ನು ಎರಡು ಸಲ ಓದಿ. ಸೇವೆಯಲ್ಲಿರುವ ಸೈನಿಕ ಕಾನೂನಿನ ಪ್ರಕಾರ ಮದುವೆ ಆಗುವಂತಿಲ್ಲ. ಆದರೂ ಕೋಟೆಯ ಸುತ್ತ ಸಂಸಾರಗಳು ಇದ್ದೇ ಇದ್ದವು. ಡಿಪ್ಲೊಮಾ ಬಂದರೆ ಆ ಸಂಬಂಧಕ್ಕೆ ಮದುವೆಯ ಮಾನ್ಯತೆ ಸಿಗುತ್ತದೆ. ಇನ್ನೂ ಒಂಟಿಯಾಗಿದ್ದರೆ ಮುಂದೆ ಕಟ್ಟಿಕೊಳ್ಳುವವಳಿಗೂ ಇದು ಅನ್ವಯ. ಆದರೆ ಒಬ್ಬನಿಗೆ ಒಬ್ಬಳೇ ಎಂದು ಅದರಲ್ಲೇ ಕೊರೆದಿದೆ! ಹೆಂಡತಿ ಮಾತ್ರ ಪ್ರಜೆಯಾಗುವುದಿಲ್ಲ. ಇಷ್ಟು ವರ್ಷ ಸಂಸಾರ ತೂಗಿಸಿದವಳಿಗೆ ಏನೂ ಇಲ್ಲ. ಮಕ್ಕಳಿಗೆ, ಹೆಣ್ಣುಮಕ್ಕಳಿಗೂ, ಹಕ್ಕು ಬರುತ್ತದೆ.

ಆದರೆ 140ನೇ ಇಸವಿಯೊಳಗೆ ಬಿಡುಗಡೆ ಆಗಿ. ಆ ವರ್ಷ ಚಕ್ರವರ್ತಿ ಆಂಟೊನಿನಸ್ ಪಯಸ್ ನಿಯಮ ಬದಲಿಸಿದ. ಸಹಾಯಕ ಪಡೆಯವರಿಗೆ ಸೇವೆಯಲ್ಲಿದ್ದಾಗ ಹುಟ್ಟಿದ ಮಕ್ಕಳನ್ನು ಪಟ್ಟಿಯಿಂದ ಕೈಬಿಟ್ಟರು. ಮಗನಿಗೂ ಹಕ್ಕು ಬೇಕೆಂದರೆ ಅವನೂ ಹೋಗಿ 25 ವರ್ಷ ಸವೆಸಬೇಕು. ಆಟದ ನಡುವೆ ನಿಯಮ ತಿರುಚಿದಂತೆಯೇ ಇದು. ಕಾಯುತ್ತ ಕೂತಿದ್ದ ಅಪ್ಪಂದಿರ ಹೊಟ್ಟೆ ಎಷ್ಟು ಉರಿದಿರಬೇಡ! ನೌಕಾಪಡೆಯವರ ಮಕ್ಕಳಿಗೆ ಮಾತ್ರ ಸೌಲಭ್ಯ ಉಳಿಯಿತು. ಮುಂದೆ ಅವರೂ ಆ ಹೆಂಗಸಿನ ಜೊತೆ ಬಾಳಿದ್ದನ್ನು ಸಾಬೀತು ಮಾಡಬೇಕಾಯಿತು.

ಸೇರುವ ಮೊದಲು ಇಸವಿ ನೋಡಿ

190ರ ಸುಮಾರಿಗೆ ಸೇರುವ ಯೋಚನೆ ಇದ್ದರೆ ಬಿಟ್ಟುಬಿಡಿ. 212ರಲ್ಲಿ ಕ್ಯಾರಕಲ್ಲಾ ಚಕ್ರವರ್ತಿ ಸಾಮ್ರಾಜ್ಯದ ಹೆಚ್ಚುಕಡಿಮೆ ಎಲ್ಲ ಸ್ವತಂತ್ರ ಜನರಿಗೂ ಒಂದೇ ಏಟಿಗೆ ಪ್ರಜಾಹಕ್ಕು ಕೊಟ್ಟುಬಿಟ್ಟ. ನೀವು 22 ವರ್ಷ ಚಳಿಯಲ್ಲಿ ಕಾವಲು ಕಾದಿರುತ್ತೀರಿ, ಊರಲ್ಲಿ ಮಡಕೆ ಮಾಡಿಕೊಂಡಿದ್ದ ಪಕ್ಕದ ಮನೆಯವನಿಗೂ ಅದೇ ಹಕ್ಕು ಬಿಟ್ಟಿಯಾಗಿ ಬಂದಿರುತ್ತದೆ. ಪೂರ್ತಿ ಬಿಟ್ಟಿ ಅಂತಲೂ ಅಲ್ಲ. ಸತ್ತವರ ಆಸ್ತಿ ವಾರಸಾಗಿ ಬಂದಾಗ ಪ್ರಜೆಗಳು ತೆರಿಗೆ ಕಟ್ಟಬೇಕಿತ್ತು. ಶೇ 5 ಇದ್ದ ಅದನ್ನು ಕ್ಯಾರಕಲ್ಲಾನೇ ಶೇ 10 ಮಾಡಿದ. ಹೆಚ್ಚು ಜನ ಪ್ರಜೆಗಳಾದರೆ ಹೆಚ್ಚು ವಸೂಲಿ, ಲೆಕ್ಕ ಅದೇ ಎಂದು ಆ ಕಾಲದ ಇತಿಹಾಸಕಾರ ಡಿಯೊ ನೇರವಾಗಿ ಬರೆದಿದ್ದಾನೆ. ಆಮೇಲೂ ಸೇನೆಗೇ ಸೇರುತ್ತೇನೆ ಎನ್ನುವವರು ಸಂಬಳ ನೋಡಿಕೊಂಡು ಸೇರಿ. ಅದನ್ನಂತೂ ಕ್ಯಾರಕಲ್ಲಾ ಚೆನ್ನಾಗಿ ಏರಿಸಿದ್ದಾನೆ.