ಅಗ್ಗದ ಇಕ್ವಟೋರಿಯಲ್ ಮೌಂಟ್‌ಗೆ ಮೋಟರ್: ಮಂಡ್ಯದ ಆಕಾಶಕ್ಕೆ ಹೊಂದಿಸಿದ ಬಗೆ

ಇಕ್ವಟೋರಿಯಲ್ ಮೌಂಟ್ ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾದ ಅಕ್ಷದ ಮೇಲೆ ತಿರುಗಿ, ದೂರದರ್ಶಕ ಅಥವಾ ಕ್ಯಾಮೆರಾ ನಕ್ಷತ್ರಗಳ ಜೊತೆಗೇ ಸಾಗುವಂತೆ ಮಾಡುವ ಆಧಾರ. ಅದರಲ್ಲಿ ಇಕ್ಯೂ3 ಎಂಬ ದರ್ಜೆಯ ಹಳೇ ಮೌಂಟ್ ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೊಂಡವರು ಮೊದಲು ಹುಡುಕುವುದು ಮೋಟರ್ ಕಿಟ್ಟನ್ನು. ನನ್ನ ಪ್ರಕಾರ ಮೋಟರ್ ಕೊನೆಯ ಕೆಲಸ. ವರ್ಮ್ ಗಿಯರ್ (ವರ್ಮ್ ಎಂಬ ಸ್ಕ್ರೂನಂಥ ದಂಡ, ಅದು ನಿಧಾನವಾಗಿ ತಿರುಗಿಸುವ ಹಲ್ಲಿನ ಚಕ್ರ) ಇಡೀ ಸುತ್ತು ನಯವಾಗಿ ತಿರುಗದಿದ್ದರೆ ಎಂಥ ಸ್ಟೆಪ್ಪರ್ (ಸಣ್ಣ ಸಣ್ಣ ಹೆಜ್ಜೆಯಲ್ಲಿ ತಿರುಗುವ ಮೋಟರ್) ಕೂರಿಸಿದರೂ ಫೋಟೋದಲ್ಲಿ ನಕ್ಷತ್ರ ಗೆರೆಯಾಗಿಯೇ ಬರುತ್ತದೆ.

ಬಿಚ್ಚುವಾಗ ಪ್ರತಿ ಹಂತಕ್ಕೂ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಡಿ. ಮುಖ್ಯವಾಗಿ ವಾಷರ್‌ಗಳು ಯಾವ ಕ್ರಮದಲ್ಲಿದ್ದವು ಎನ್ನುವುದು ಗೊತ್ತಿರಬೇಕು. ಒಳಗಿನ ಹಳೇ ಗ್ರೀಸ್ ಅಂಟಿನ ಹಾಗೆ ಗಟ್ಟಿಯಾಗಿರುತ್ತದೆ, ಜೊತೆಗೆ ಲೋಹದ ಪುಡಿಯನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಸೀಮೆಎಣ್ಣೆ ಮತ್ತು ಹಳೇ ಟೂತ್‌ಬ್ರಷ್ ಸಾಕು. ಪ್ಲಾಸ್ಟಿಕ್ ವಾಷರ್‌ಗಳನ್ನು ಮಾತ್ರ ಸೋಪು ನೀರಿನಲ್ಲಿ ತೊಳೆಯಿರಿ. ಅಕ್ಷ ಕೂರುವ ಜಾಗದಲ್ಲಿ ಎರಕದ ಏಣುಗಳಿದ್ದರೆ 1000 ನಂಬರಿನ ವಾಟರ್ ಪೇಪರ್‌ನಿಂದ ತಿಕ್ಕಿ, ಪುಡಿ ಒಂದಿಷ್ಟೂ ಉಳಿಯದಂತೆ ಒರೆಸಿ. ವರ್ಮ್‌ಗೆ ಬ್ರಾಸೊ ಹಚ್ಚಿ ಡ್ರಿಲ್‌ನಿಂದ ತಿರುಗಿಸಿ ಪಾಲಿಶ್ ಮಾಡುವವರಿದ್ದಾರೆ. ನಾನು ಮಾಡುವುದಿಲ್ಲ, ಅದರ ಉಜ್ಜುಪುಡಿ ಮೆತ್ತನೆಯ ಲೋಹದೊಳಗೆ ಹೂತುಕೊಂಡು ಆಮೇಲೂ ಹಲ್ಲು ಸವೆಸುತ್ತಲೇ ಇರುತ್ತದೆ. ಹೊಸದಾಗಿ ಸಾಮಾನ್ಯ ಲಿಥಿಯಂ ಗ್ರೀಸನ್ನು ತೆಳ್ಳಗೆ ಬಳಿದರೆ ಆಯಿತು. ನಮ್ಮ ಕಡೆಯ ಚಳಿಗೆ ಅದು ಗಟ್ಟಿಯಾಗುವುದಿಲ್ಲ.

ಈಗ ಆಟ, ಅಂದರೆ ಪ್ಲೇ. ಇದರಲ್ಲಿ ಎರಡು ಬಗೆ ಇದೆ, ಎರಡನ್ನೂ ಒಂದೇ ಎಂದುಕೊಂಡರೆ ಸರಿಹೋಗುವುದಿಲ್ಲ. ವರ್ಮ್‌ನ ತುದಿಗೆ ಬೆರಳಿಟ್ಟು ಅಕ್ಷವನ್ನು ಅಲ್ಲಾಡಿಸಿ. ವರ್ಮ್ ತನ್ನ ಉದ್ದಕ್ಕೆ ಹಿಂದೆ ಮುಂದೆ ಸರಿಯುವುದು ಬೆರಳಿಗೆ ತಿಳಿದರೆ ಅದು ತುದಿಯ ಆಟ. ಅದನ್ನು ಮೊದಲು ತುದಿಯ ನಟ್‌ನಿಂದ ತೆಗೆಯಬೇಕು. ವರ್ಮ್ ಕದಲದೆ ಅಕ್ಷ ಮಾತ್ರ ಅಲ್ಲಾಡಿದರೆ ಹಲ್ಲುಗಳ ನಡುವೆ ಸಂದು ಇದೆ ಎಂದರ್ಥ. ವರ್ಮ್ ಬ್ಲಾಕನ್ನು ಚಕ್ರಕ್ಕೆ ಒತ್ತಿ ಬಿಗಿ ಮಾಡಿ, ಅಡ್ಜಸ್ಟ್‌ಮೆಂಟ್ ಸ್ಕ್ರೂವನ್ನು ಎಂಟನೇ ಒಂದು ಸುತ್ತಿನಷ್ಟು ಹಿಂದಕ್ಕೆ ಬಿಡಿ. ಚಕ್ರ ಎಂದೂ ಪೂರ್ತಿ ದುಂಡಗಿರುವುದಿಲ್ಲ. ಹಾಗಾಗಿ ಇಡೀ 360 ಡಿಗ್ರಿ ಕೈಯಲ್ಲಿ ತಿರುಗಿಸಿ, ಎಲ್ಲಿ ಅತಿ ಬಿಗಿ ಎನಿಸುತ್ತದೋ ಅಲ್ಲಿಗೆ ಹೊಂದಿಸಬೇಕು. ಸಡಿಲವಿರುವ ಕಡೆ ಹೊಂದಿಸಿದರೆ ಬಿಗಿ ಜಾಗ ಬಂದಾಗ ಮೋಟರ್ ಸ್ಟೆಪ್ ತಪ್ಪಿಸುತ್ತದೆ. ಉಳಿಯುವ ಸಣ್ಣ ಸಂದಿಗೆ ಬ್ಯಾಲೆನ್ಸ್‌ನಲ್ಲೇ ಪರಿಹಾರವಿದೆ: ಪೂರ್ವದ ಕಡೆ ಚೂರು ಭಾರ ಹೆಚ್ಚಿಗೆ ಇಟ್ಟರೆ ಮೋಟರ್ ಯಾವಾಗಲೂ ಭಾರ ಎತ್ತುತ್ತಲೇ ಇರುತ್ತದೆ, ಹಲ್ಲು ಒಂದೇ ಮಗ್ಗುಲಿಗೆ ಒತ್ತಿಕೊಂಡಿರುತ್ತದೆ. ತಾರೆ ಮೆರಿಡಿಯನ್ (ನೆತ್ತಿಯ ಮೇಲೆ ಹಾಯುವ ಉತ್ತರ-ದಕ್ಷಿಣ ರೇಖೆ) ದಾಟಿದ ಮೇಲೆ ಮೌಂಟನ್ನು ಇನ್ನೊಂದು ಮಗ್ಗುಲಿಗೆ ತಿರುವಿದಾಗ ಭಾರವನ್ನು ಮತ್ತೆ ಪೂರ್ವಕ್ಕೆ ಸರಿಸಬೇಕು.

ನನ್ನ ಮೌಂಟ್‌ನಲ್ಲಿ ಆರ್‌ಎ (ನಕ್ಷತ್ರಗಳ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ತಿರುಗುವ ಅಕ್ಷ) ಚಕ್ರಕ್ಕೆ 130 ಹಲ್ಲು. ನಿಮ್ಮದು ಗೊತ್ತಿಲ್ಲದಿದ್ದರೆ ಅಕ್ಷ ಒಂದು ಸುತ್ತು ಬರಲು ವರ್ಮ್‌ನ ಹಿಡಿಕೆಯನ್ನು ಎಷ್ಟು ಸುತ್ತು ತಿರುಗಿಸಬೇಕು ಎಂದು ಎಣಿಸಿ. ನಾನು ಹಾಕಿದ್ದು ಹೆಜ್ಜೆಗೆ 0.9 ಡಿಗ್ರಿ ತಿರುಗುವ, ನೆಮಾ 17 ಅಳತೆಯ ಸ್ಟೆಪ್ಪರ್, ಅದರ ಮೇಲೆ 20 ಹಲ್ಲಿನ ಜಿಟಿ2 (2 ಎಂಎಂಗೊಂದು ಹಲ್ಲಿರುವ ಬೆಲ್ಟ್‌ನ ಬಗೆ) ಪುಲ್ಲಿ, ವರ್ಮ್ ಮೇಲೆ 60 ಹಲ್ಲಿನದು, ನಡುವೆ 200 ಎಂಎಂ ಸುತ್ತಳತೆಯ ಬೆಲ್ಟ್. ಈ ಅಳತೆಗೆ ಎರಡು ಶಾಫ್ಟ್‌ಗಳ ನಡುವಿನ ಅಂತರ ಸುಮಾರು 58.5 ಎಂಎಂ ಬರುತ್ತದೆ. 5 ಎಂಎಂ ದಪ್ಪದ ಅಲ್ಯೂಮಿನಿಯಂ ಆಂಗಲ್‌ನಲ್ಲಿ ಮೋಟರ್ ಸ್ಕ್ರೂಗಳಿಗೆ ಉದ್ದನೆಯ ತೂತು ಕೊರೆದರೆ ಬೆಲ್ಟ್ ಬಿಗಿ ಮಾಡಲು ಅನುಕೂಲ. ಪುಲ್ಲಿಯ ತೂತು ಶಾಫ್ಟ್‌ಗಿಂತ ಚಿಕ್ಕದಿದ್ದರೆ ಕೈ ಡ್ರಿಲ್‌ನಿಂದ ಹಿಗ್ಗಿಸಬೇಡಿ, ಲೇತ್ ಅಂಗಡಿಯಲ್ಲಿ ಮಾಡಿಸಿ. ತೂತು ನಡುವಿನಿಂದ ಚೂರು ಸರಿದರೂ ಅದು ಟ್ರ್ಯಾಕಿಂಗ್‌ನಲ್ಲಿ ಕಾಣುತ್ತದೆ.

ಎಲೆಕ್ಟ್ರಾನಿಕ್ಸ್ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಮೋಟರ್‌ಗೆ ಕರೆಂಟ್ ಕೊಡುವ ಟಿಎಂಸಿ2209 ಡ್ರೈವರ್, ಬೋರ್ಡ್‌ನಲ್ಲಿ ಓಡುವ ಆನ್‌ಸ್ಟೆಪ್ ಎಂಬ ಮೌಂಟ್ ನಿಯಂತ್ರಣದ ಫರ್ಮ್‌ವೇರ್, 12 ವೋಲ್ಟ್ ಬ್ಯಾಟರಿ. ಮೋಟರ್‌ನ ಒಂದು ಸುತ್ತಿಗೆ 400 ಹೆಜ್ಜೆ, ಪ್ರತಿ ಹೆಜ್ಜೆಯನ್ನು 16 ಮೈಕ್ರೋಸ್ಟೆಪ್ ಆಗಿ ಒಡೆದರೆ, ಪುಲ್ಲಿಗಳ ಅನುಪಾತ 3 ಸೇರಿಸಿ ಲೆಕ್ಕ ಹೀಗೆ: 400 × 16 × 3 = 19,200, ಇದು ವರ್ಮ್‌ನ ಒಂದು ಸುತ್ತಿಗೆ. 130ರಿಂದ ಗುಣಿಸಿ 360ರಿಂದ ಭಾಗಿಸಿದರೆ ಡಿಗ್ರಿಗೆ 6933.33 ಸ್ಟೆಪ್. ಒಂದು ಸ್ಟೆಪ್ ಅಂದರೆ 0.52 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ಕ್ಯಾಮೆರಾ ಲೆನ್ಸ್‌ಗೆ ಧಾರಾಳ. ಕರೆಂಟ್ ಇರುವಾಗ ಮೋಟರ್ ವೈರ್ ಕೀಳಬೇಡಿ, ಡ್ರೈವರ್ ಸುಟ್ಟುಹೋಗುತ್ತದೆ.

ಒಂದು ನಕ್ಷತ್ರವನ್ನು ಇನ್ನೊಂದು ಕ್ಯಾಮೆರಾದಿಂದ ನೋಡುತ್ತಾ ಮೌಂಟ್‌ನ ತಪ್ಪನ್ನು ಆಗಾಗ ತಿದ್ದುವುದಕ್ಕೆ ಗೈಡಿಂಗ್ ಎನ್ನುತ್ತಾರೆ. ಜೋಡಿಸಿದ ಮೇಲೆ ಆ ಗೈಡ್ ಕ್ಯಾಮೆರಾ ಹಾಕಿ, ಪಿಎಚ್‌ಡಿ2 ಎಂಬ ಗೈಡಿಂಗ್ ತಂತ್ರಾಂಶದಲ್ಲಿ ತಿದ್ದುಪಡಿ ಆಫ್ ಮಾಡಿ, ಅರ್ಧ ಗಂಟೆಗೂ ಹೆಚ್ಚು ಹೊತ್ತು ನಕ್ಷತ್ರದ ಓಲಾಟವನ್ನು ದಾಖಲಿಸಿ. ಎಷ್ಟು ಸೆಕೆಂಡಿಗೊಮ್ಮೆ ಓಲಾಟ ಮರುಕಳಿಸುತ್ತದೆ ಎನ್ನುವುದರಲ್ಲೇ ದೋಷದ ಜಾಗ ಸಿಗುತ್ತದೆ. 663 ಸೆಕೆಂಡ್ ಆದರೆ ವರ್ಮ್ ಅಥವಾ ದೊಡ್ಡ ಪುಲ್ಲಿ. 221 ಆದರೆ ಮೋಟರ್ ಮೇಲಿನ ಪುಲ್ಲಿ. 11 ಆದರೆ ಬೆಲ್ಟ್‌ನ ಹಲ್ಲು ಸರಿಯಾಗಿ ಕೂರುತ್ತಿಲ್ಲ, ಬಿಗಿಯನ್ನು ನೋಡಬೇಕು. ಈ ಒಂದು ಗ್ರಾಫ್ ಇಲ್ಲದೆ ಪಾರ್ಟ್ ಬದಲಿಸುತ್ತಾ ಹೋಗುವುದು ಸುಮ್ಮನೆ ದುಡ್ಡು ದಂಡ.

ಇನ್ನು ನಮ್ಮ ಅಕ್ಷಾಂಶದ ತೊಡಕು. ಮಂಡ್ಯ 12.5 ಡಿಗ್ರಿ ಉತ್ತರದಲ್ಲಿದೆ, ಮೌಂಟ್‌ನ ಧ್ರುವಾಕ್ಷ (ಅದೇ ಆರ್‌ಎ ಅಕ್ಷ) ಹೆಚ್ಚುಕಮ್ಮಿ ಮಲಗಿಯೇ ಇರುತ್ತದೆ. ಕೌಂಟರ್‌ವೇಟ್ (ಸಮತೋಲಕ್ಕೆ ಹಾಕುವ ಭಾರ) ಸರಳು ಕೆಳಕ್ಕೆ ಬಂದಾಗ ಟ್ರೈಪಾಡ್‌ನ ಉತ್ತರದ ಕಾಲಿಗೆ ಬಡಿಯುತ್ತದೆ. ಟ್ರೈಪಾಡ್‌ಗೂ ಮೌಂಟ್‌ಗೂ ನಡುವೆ ಗಿಡ್ಡ ಪಿಲ್ಲರ್ ಕೂರಿಸಿದರೆ ಇದು ತಪ್ಪುತ್ತದೆ. ಆರ್‌ಎ ಮೋಟರ್ ಆಲ್ಟಿಟ್ಯೂಡ್ (ಅಕ್ಷದ ಓರೆ ಹೊಂದಿಸುವ) ಬೋಲ್ಟ್‌ಗೆ ತಾಗುತ್ತದೆಯೇ ಎಂದು ಬ್ರಾಕೆಟ್ ಕೊರೆಯುವ ಮೊದಲೇ, ಅಕ್ಷವನ್ನು 12.5ಕ್ಕೆ ಇಳಿಸಿಯೇ ನೋಡಿ.

ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡಲು ನೋಡುವ ಧ್ರುವ ನಕ್ಷತ್ರವೂ ಅಷ್ಟೇ ತಗ್ಗಿನಲ್ಲಿರುತ್ತದೆ. ತೆಂಗಿನ ತೋಟ, ಆಲೆಮನೆ ಹೊಗೆ, ಗದ್ದೆ ಮೇಲಿನ ಮಂಜು ಯಾವುದಾದರೂ ಅದನ್ನು ಮುಚ್ಚಿಬಿಡಬಹುದು. ಕಂಡರೂ ವಾಯುಮಂಡಲದ ವಕ್ರೀಭವನದಿಂದ ಸುಮಾರು 4 ಆರ್ಕ್‌ಮಿನಿಟ್ (ಡಿಗ್ರಿಯ 60ನೇ ಒಂದು ಪಾಲು ಒಂದು ಆರ್ಕ್‌ಮಿನಿಟ್) ಮೇಲಕ್ಕೆ ಕಾಣುತ್ತದೆ. ಲ್ಯಾಪ್‌ಟಾಪ್ ಇದ್ದರೆ ನೀನಾ ತಂತ್ರಾಂಶದ ತ್ರೀ ಪಾಯಿಂಟ್ ಅಲೈನ್‌ಮೆಂಟ್ ಬಳಸಿ, ಅದಕ್ಕೆ ಧ್ರುವ ನಕ್ಷತ್ರವೇ ಬೇಡ. ಇಲ್ಲದಿದ್ದರೆ ಮೌಂಟ್ ಓಡುತ್ತಿರುವಾಗ ತಾರೆ ಯಾವ ಕಡೆ ಜಾರುತ್ತದೆ ಎಂದು ನೋಡುವ ಡ್ರಿಫ್ಟ್ ವಿಧಾನ: ನೆತ್ತಿಯ ಮೆರಿಡಿಯನ್ ಬಳಿಯ ತಾರೆ ದಕ್ಷಿಣಕ್ಕೆ ಜಾರಿದರೆ ಅಕ್ಷ ಪೂರ್ವಕ್ಕೆ ಹೆಚ್ಚು ತಿರುಗಿದೆ, ಪೂರ್ವದಲ್ಲಿ ಕೆಳಗಿರುವ ತಾರೆ ದಕ್ಷಿಣಕ್ಕೆ ಜಾರಿದರೆ ಅಕ್ಷ ತಗ್ಗಿದೆ. ಉತ್ತರಕ್ಕೆ ಜಾರಿದರೆ ಎರಡೂ ತಿರುವುಮುರುವು.

ಇಷ್ಟೆಲ್ಲ ಆದ ಮೇಲೆ ನನ್ನ ಮೌಂಟ್‌ನಲ್ಲಿ ಉಳಿದ ಓಲಾಟ ತುದಿಯಿಂದ ತುದಿಗೆ ಸುಮಾರು 60 ಆರ್ಕ್‌ಸೆಕೆಂಡ್. ಅದು ಅತಿ ವೇಗವಾಗಿ ಸರಿಯುವ ಹೊತ್ತಿನಲ್ಲಿ ಸೆಕೆಂಡಿಗೆ 0.28 ಆರ್ಕ್‌ಸೆಕೆಂಡ್. 200 ಎಂಎಂ ಲೆನ್ಸ್, 3.7 ಮೈಕ್ರಾನ್ ಪಿಕ್ಸೆಲ್ ಇರುವ ಕ್ಯಾಮೆರಾದಲ್ಲಿ 30 ಸೆಕೆಂಡಿಗೆ ಎರಡು ಪಿಕ್ಸೆಲ್ ಆಸುಪಾಸು ಜಾರುತ್ತದೆ. ಗೈಡಿಂಗ್ ಇಲ್ಲದೆ ಅದೇ ನನ್ನ ಮಿತಿ. ಮಹಾವ್ಯಾಧದ ನೆಬ್ಯುಲಾಗೆ 30 ಸೆಕೆಂಡಿನ ಫ್ರೇಮ್‌ಗಳನ್ನು ಪೇರಿಸಿದರೆ ಸಾಕು. ದಕ್ಷಿಣದಲ್ಲಿ 18 ಡಿಗ್ರಿಗಿಂತ ಮೇಲೇರದ ಕರೀನಾ ನೆಬ್ಯುಲಾಗೆ ಹೆಚ್ಚು ಹೊತ್ತಿನ ಎಕ್ಸ್‌ಪೋಷರ್ ಬೇಕೆಂದರೆ ಗೈಡಿಂಗ್ ಹಾಕಲೇಬೇಕು.