ಬೆಲೆ ಏರಿಸಿ ಕ್ಯಾಮೆರಾ ಮಾರಿದ್ದು: ನನ್ನ ಅನುಭವ

ಮನೆಗೆ ಹಾಕುವ ವೈಫೈ ಕ್ಯಾಮೆರಾವನ್ನು ಎದುರಾಳಿಗಿಂತ ಜಾಸ್ತಿ ಬೆಲೆಗೆ ಮಾರುತ್ತೇನೆ ಅಂದಾಗ ನನ್ನ ಡೀಲರ್‌ಗಳು ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ಸ್ಟಾಕ್ ಕೇಳುತ್ತಾರೆ.

ಮೊದಲು ಎಲ್ಲರಂತೆ ನಾವೂ ಬೆಲೆಯನ್ನು ಸುಮಾರು 10% ಇಳಿಸಿದೆವು. ವಾರದೊಳಗೆ ಎದುರಾಳಿಯೂ ಇಳಿಸಿದ. ಆನ್‌ಲೈನ್ ಕಮಿಷನ್, ಸಾಗಣೆ, ವಾಪಸ್ ಬಂದ ಮಾಲು ಎಲ್ಲ ಕಳೆದರೆ ಕೈಯಲ್ಲಿ ಉಳಿದದ್ದು 4-5%. ಇನ್ನೂ ಇಳಿಸಿದ ತಿಂಗಳು ಮಾರಾಟವೇ ಬಿತ್ತು. ಮನೆ ಕಾಯುವ ವಸ್ತು ತೀರಾ ಅಗ್ಗವಾದರೆ ಜನಕ್ಕೆ ಅನುಮಾನ ಬರುತ್ತೆ.

ಡಚ್ ಅರ್ಥಶಾಸ್ತ್ರಜ್ಞ ವ್ಯಾನ್ ವೆಸ್ಟೆನ್‌ಡಾರ್ಪ್ 1976ರಲ್ಲಿ ಕೊಟ್ಟ, ಯಾವ ಬೆಲೆ ಅಗ್ಗ, ಯಾವುದು ದುಬಾರಿ ಎಂದು ಗಿರಾಕಿಯನ್ನೇ ಕೇಳುವ ನಾಲ್ಕು ಪ್ರಶ್ನೆಗಳ ಸಮೀಕ್ಷೆಯನ್ನೂ ಮಾಡಿಸಿದೆ. ಸುಮ್ನೆ ದುಡ್ಡು ದಂಡ. ನೆಮ್ಮದಿಯ ದಿನ ಜನ ಹೇಳುವ ಬೆಲೆಯೇ ಬೇರೆ, ಪಕ್ಕದ ಬೀದಿಯಲ್ಲಿ ಬೀಗ ಮುರಿದ ಮರುದಿನ ಕೊಡುವ ಬೆಲೆಯೇ ಬೇರೆ.

ದಾರಿ ತೋರಿಸಿದ್ದು ವಾಪಸ್ ಬಂದ ಡಬ್ಬಗಳು. ಅರ್ಧಕ್ಕಿಂತ ಹೆಚ್ಚು ಕ್ಯಾಮೆರಾ ಕೆಟ್ಟಿರಲೇ ಇಲ್ಲ. ಕೆಲವರು 2.4 ಗಿಗಾಹರ್ಟ್ಸ್ ವೈಫೈ ಸಿಗ್ನಲ್ ಮಾತ್ರ ಹಿಡಿಯುವ ಕ್ಯಾಮೆರಾವನ್ನು 5 ಗಿಗಾಹರ್ಟ್ಸ್ ವೈಫೈಗೆ ಜೋಡಿಸಲು ಹೋಗಿ ಬೇಸತ್ತಿದ್ದರು. ಉಳಿದವರಿಗೆ ಸಿಟ್ಟು ಬಂದದ್ದು ವಿಡಿಯೋವನ್ನು ಇಂಟರ್ನೆಟ್ಟಿನಲ್ಲಿ ಉಳಿಸಿಡಲು ಕಟ್ಟಬೇಕಾದ ತಿಂಗಳ ಕ್ಲೌಡ್ ಚಂದಾ ನೋಡಿ.

ಚಂದಾ ತೆಗೆದೆ. ಮೆಮೊರಿ ಕಾರ್ಡ್ ಒಳಗೇ ಹಾಕಿ ಬೆಲೆಯನ್ನು ಸುಮಾರು 20% ಏರಿಸಿದೆ. ಕಾರ್ಡ್ ಮಾತ್ರ ಹಗಲಿರುಳು ಬರೆದು ಅಳಿಸುವುದನ್ನು ತಾಳುವ ಹೈ ಎಂಡ್ಯೂರೆನ್ಸ್ ಜಾತಿಯದೇ ಬೇಕು. ಇಲ್ಲಿ ಜಿಪುಣತನ ಮಾಡಿದರೆ ವಾಪಸಾತಿಯಲ್ಲಿ ಕಕ್ಕಬೇಕಾಗುತ್ತದೆ. ಡಬ್ಬದ ಮೇಲೆ ಮೂರು ವರ್ಷದ ಒಟ್ಟು ಖರ್ಚನ್ನು ಚಂದಾ ಕ್ಯಾಮೆರಾದ ಪಕ್ಕ ಇಟ್ಟು ಅಚ್ಚು ಹಾಕಿಸಿದೆ. "ಕಳ್ಳ ಕ್ಯಾಮೆರಾನೇ ಹೊತ್ತೊಯ್ದರೆ ಏನ್ ಸಾರ್ ಮಾಡ್ತೀರಿ?" ಅಂದ ನಮ್ಮ ಹುಡುಗ. ಒಳ್ಳೆ ಪ್ರಶ್ನೆ. ಅದಕ್ಕೇ ಚಲನೆ ಕಂಡ ತಕ್ಷಣ ಒಂದು ಚಿತ್ರ ಮೊಬೈಲ್‌ಗೆ ಹೋಗುವ ಹಾಗೆ ಮಾಡಿದೆವು.

ಮೊದಲ ತಿಂಗಳು ಮಾರಾಟ ಮೂರನೇ ಒಂದು ಪಾಲು ಕಡಿಮೆಯಾಯಿತು. "ನಾನು ಹೇಳಿರಲಿಲ್ವಾ?" ಎಂದು ಡೀಲರ್‌ಗಳ ಸಾಲು ಸಾಲು ಫೋನ್. ಮೂರ್ನಾಲ್ಕು ತಿಂಗಳಲ್ಲಿ ಹಳೆಯ ಲೆಕ್ಕ ದಾಟಿತು. ನೂರಕ್ಕೆ 12ರಷ್ಟಿದ್ದ ವಾಪಸಾತಿ 5ರ ಆಸುಪಾಸಿಗೆ ಬಂತು. ಒಂದೊಂದು ಡಬ್ಬದ ಲಾಭ ಹೆಚ್ಚುಕಡಿಮೆ ಮೂರು ಪಟ್ಟಾಯಿತು.

ನಡುವೆ ಕೆಂಪು ದೀಪ ಮಿನುಗುವ ಡಮ್ಮಿ ಕ್ಯಾಮೆರಾ ಮಾರಿಯೂ ನೋಡಿದೆ. ಚೆನ್ನಾಗಿ ಹೋಯಿತು, ಆದರೆ ಅಸಲಿಯ ಗಿರಾಕಿಯನ್ನೇ ತಿಂದಿತು. ನಿಲ್ಲಿಸಿದೆ. ಇನ್ನೊಂದು ಉಪಾಯ ಕೈಹಿಡಿಯಿತು. ಎಲ್ಲ ಸಾಧನಕ್ಕೂ ಕಂಪನಿಯೇ ಮೊದಲೇ ಹಾಕಿ ಕೊಡುವ ಒಂದೇ ಸುಲಭದ ಡೀಫಾಲ್ಟ್ ಪಾಸ್‌ವರ್ಡ್ ಇಡುವುದನ್ನು ಬ್ರಿಟನ್ 2024ರ ಏಪ್ರಿಲ್‌ನಿಂದ ನಿಷೇಧಿಸಿದೆ ಅಲ್ವಾ, ಅದನ್ನು ನೋಡಿ ನಾವೂ "ಪ್ರತಿ ಕ್ಯಾಮೆರಾಗೂ ಬೇರೆ ಪಾಸ್‌ವರ್ಡ್" ಎಂದು ಡಬ್ಬದ ಮೇಲೆ ದೊಡ್ಡದಾಗಿ ಹಾಕಿದೆವು. ಖರ್ಚು ಒಂದು ಸ್ಟಿಕ್ಕರ್‌ನಷ್ಟು.

ಜಾಹೀರಾತಿಗೆ ವರ್ಷವಿಡೀ ಸುರಿಯುವುದಿಲ್ಲ. ಜನ ರಜೆಗೆ ಮನೆ ಬಿಡುವ ಮೊದಲಿನ ಎರಡು ವಾರ ಸಾಕು. ಒಂದು ಕೊಂಡವರಿಗೆ ಎರಡನೇ ಕ್ಯಾಮೆರಾದ ರಿಯಾಯಿತಿಯನ್ನು ಯಾವ ದಿನ ಕಳಿಸುತ್ತೇನೆ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಎದುರಾಳಿಯೂ ಈಗ ಕಾರ್ಡ್ ಹಾಕಲು ಶುರು ಮಾಡಿದ್ದಾನೆ, ಅಗ್ಗದ್ದು. ಮುಂದಿನ ಸರಕಿಗೆ ನಾನು ಇನ್ನೊಂದು 5% ಏರಿಸುತ್ತಿದ್ದೇನೆ.