ಕಾನ್‌ಸ್ಟಂಟ್ ಪರೀಕ್ಷಿಸುವ ಸಾಲಿನಲ್ಲೇ ಎಕ್ಸೆಪ್ಶನ್ ಎದ್ದರೆ

ಪಿಎಚ್‌ಪಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಕಾನ್‌ಸ್ಟಂಟ್ (ಬದಲಾಗದ ಮೌಲ್ಯಕ್ಕೆ ಕೊಟ್ಟ ಹೆಸರು) ಇದೆಯೋ ಇಲ್ಲವೋ ಎಂದು ತಿಳಿಯಲು ‘ಡಿಫೈನ್ಡ್’ ಫಂಕ್ಷನ್ ಬಳಸುತ್ತೇವೆ. ಅದರಿಂದ ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಬರುತ್ತದೆಂದು ನಂಬಿ ಬರೆದ ಪ್ರೋಗ್ರಾಂ ಕೆಲವೊಮ್ಮೆ ಎಕ್ಸೆಪ್ಶನ್ (ಓಟವನ್ನು ನಡುವೆಯೇ ತಡೆಯುವ ದೋಷಸೂಚನೆ) ಎದ್ದು ಆ ಸಾಲಿನಲ್ಲೇ ನಿಂತುಹೋಗುತ್ತದೆ. ಇದನ್ನು ತಡೆಯುವ ಕ್ರಮ ಹೀಗಿದೆ.

ಮೊದಲು, ಪರೀಕ್ಷಿಸುತ್ತಿರುವುದು ಯಾವ ಬಗೆಯ ಕಾನ್‌ಸ್ಟಂಟ್ ಎಂಬುದನ್ನು ಗುರುತಿಸಿ. ಯಾವ ಕ್ಲಾಸಿಗೂ ಸೇರದ ಗ್ಲೋಬಲ್ ಆಗಿದ್ದರೆ ಚಿಂತೆಯಿಲ್ಲ. ಆದರೆ ಕ್ಲಾಸಿನ ಹೆಸರು, ಎರಡು ಕೋಲನ್, ಕಾನ್‌ಸ್ಟಂಟ್ ಹೆಸರು ಹೀಗೆ ಸೇರಿಸಿ ಕೊಟ್ಟಾಗ, ಆ ಕ್ಲಾಸ್ ಇನ್ನೂ ಲೋಡ್ ಆಗಿರದಿದ್ದರೆ ಆಟೊಲೋಡರ್ (ಕ್ಲಾಸಿನ ಫೈಲನ್ನು ತಾನಾಗಿ ಹುಡುಕಿ ಲೋಡ್ ಮಾಡುವ ಕೋಡ್) ಓಡುತ್ತದೆ. ಕ್ಲಾಸ್ ಸಿಗದಿದ್ದರೆ ‘ಡಿಫೈನ್ಡ್’ ಸದ್ದಿಲ್ಲದೆ ‘ಫಾಲ್ಸ್’ ಎನ್ನುತ್ತದೆ. ಆಟೊಲೋಡರ್ ಎಕ್ಸೆಪ್ಶನ್ ಎಸೆದರೆ ಮಾತ್ರ ಯಾವ ಉತ್ತರವೂ ಬರದೆ, ಆ ಎಕ್ಸೆಪ್ಶನ್ ನೇರವಾಗಿ ನಿಮ್ಮ ಸಾಲಿಗೆ ಬಂದು ತಲುಪುತ್ತದೆ.

ಆದ್ದರಿಂದ ಎರಡನೆಯದಾಗಿ ಆಟೊಲೋಡರನ್ನೇ ಸರಿಪಡಿಸಿ. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಹಂತ ಇದೇ. ಫೈಲ್ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಏನನ್ನೂ ಎಸೆಯದೆ ಹಿಂದಿರುಗುವಂತೆ ಅದನ್ನು ಬರೆಯಬೇಕು. ಆಟೊಲೋಡರ್ ಎಕ್ಸೆಪ್ಶನ್ ಎಸೆಯಕೂಡದು ಎಂದು ಪಿಎಚ್‌ಪಿ ಆಟೊಲೋಡಿಂಗಿನ ಮಾನದಂಡವಾದ ಪಿಎಸ್‌ಆರ್-4 ನಿಯಮವೂ ಸ್ಪಷ್ಟವಾಗಿ ಹೇಳುತ್ತದೆ. ಹಲವು ಆಟೊಲೋಡರ್‌ಗಳು ಸಾಲಾಗಿ ನೋಂದಣಿಯಾಗಿರುವಾಗ ಮೊದಲನೆಯದೇ ಎಕ್ಸೆಪ್ಶನ್ ಎಸೆದರೆ, ಆ ಕ್ಲಾಸನ್ನು ಹುಡುಕಿಕೊಡಬಲ್ಲ ಮುಂದಿನ ಆಟೊಲೋಡರ್‌ಗೆ ಸರದಿಯೇ ಬರುವುದಿಲ್ಲ.

ಆಗಲೇ ಲೋಡ್ ಆಗಿರುವ ಕ್ಲಾಸನ್ನಷ್ಟೇ ನೋಡಿದರೆ ಸಾಕೆಂದಿದ್ದಲ್ಲಿ, ‘ಕ್ಲಾಸ್ ಎಗ್ಸಿಸ್ಟ್ಸ್’ ಫಂಕ್ಷನ್‌ಗೆ ಎರಡನೆಯ ಆರ್ಗ್ಯುಮೆಂಟ್ ಆಗಿ ‘ಫಾಲ್ಸ್’ ಕೊಟ್ಟು, ಅದು ‘ಟ್ರೂ’ ಎಂದಾಗ ಮಾತ್ರ ‘ಡಿಫೈನ್ಡ್’ ಕರೆಯಿರಿ. ಕಾನ್‌ಸ್ಟಂಟ್ ಇಂಟರ್‌ಫೇಸಿನಲ್ಲಿ (ಕ್ಲಾಸುಗಳು ಪಾಲಿಸಬೇಕಾದ ಮಾದರಿಯಲ್ಲಿ) ಇದ್ದರೆ ಈ ಪರೀಕ್ಷೆ ‘ಫಾಲ್ಸ್’ ಎಂದೇ ಹೇಳುವುದರಿಂದ, ಅಲ್ಲಿ ‘ಇಂಟರ್‌ಫೇಸ್ ಎಗ್ಸಿಸ್ಟ್ಸ್’ ಬೇಕಾಗುತ್ತದೆ.

ಆಟೊಲೋಡರ್ ಸರಿಯಿದ್ದರೂ ಅದು ತೆರೆಯುವ ಫೈಲಿನಲ್ಲಿ ವ್ಯಾಕರಣದೋಷವಿದ್ದರೆ, ಪಿಎಚ್‌ಪಿ 7ರಿಂದೀಚೆಗೆ ‘ಪಾರ್ಸ್ ಎರರ್’ ಏಳುತ್ತದೆ. ಅದು ‘ಎಕ್ಸೆಪ್ಶನ್’ ಕ್ಲಾಸಿನ ವಂಶದ್ದಲ್ಲ. ಎರಡಕ್ಕೂ ಮೂಲವಾದ ‘ಥ್ರೋಯಬಲ್’ ಹೆಸರಿನಲ್ಲಿ ಹಿಡಿದರೆ ಎರಡೂ ಸಿಗುತ್ತವೆ. ಹಿಡಿದದ್ದನ್ನು ಲಾಗ್‌ನಲ್ಲಿ ದಾಖಲಿಸಿ ಮತ್ತೆ ಎಸೆಯಿರಿ. ಅದನ್ನು ನುಂಗಿ ‘ಫಾಲ್ಸ್’ ಹಿಂದಿರುಗಿಸಿದರೆ, ಕೆಟ್ಟ ಫೈಲ್ ಇಲ್ಲದ ಕಾನ್‌ಸ್ಟಂಟಿನಂತೆ ಕಾಣುತ್ತದೆ, ದೋಷ ಬೇರೆಲ್ಲೋ ತಲೆದೋರುತ್ತದೆ.

ಪರೀಕ್ಷೆಯ ನಂತರ ಮೌಲ್ಯ ಪಡೆಯಲು ‘ಕಾನ್‌ಸ್ಟಂಟ್’ ಫಂಕ್ಷನ್ ಬಳಸುವವರು ಆವೃತ್ತಿಯನ್ನು ಗಮನಿಸಬೇಕು: ಹೆಸರು ಸಿಗದಿದ್ದಾಗ ಪಿಎಚ್‌ಪಿ 7 ಎಚ್ಚರಿಕೆಯನ್ನಷ್ಟೇ ಕೊಡುತ್ತಿತ್ತು, ಪಿಎಚ್‌ಪಿ 8 ‘ಎರರ್’ ಎಸೆಯುತ್ತದೆ.